ಮರಾಶ್ ಹೊಲಿಗೆಯ ಮರಳುದಾರಿ

ಗ್ಯುಮ್ರಿ, 9 ಮಾರ್ಚ್ 1997

ಪ್ರಿಯ ಜರೂಹಿ,

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಕೈಸೇರಿತು. ದಂತವೈದ್ಯ ಹಮಾಜಾಸ್ಪ್ ಅದನ್ನು ಪ್ಯಾರಿಸ್‌ನಿಂದ ಇಲ್ಲಿಯವರೆಗೆ ಕೋಟಿನ ಒಳಜೇಬಿನಲ್ಲಿಟ್ಟು ತಂದ. ಹೊರಗೆ ಮೊಣಕಾಲುದ್ದ ಹಿಮ. ಭೂಕಂಪವಾದ ಮೇಲೆ ತಾತ್ಕಾಲಿಕವೆಂದು ಕೊಟ್ಟ ಕಬ್ಬಿಣದ ಪೆಟ್ಟಿಗೆಮನೆಯಲ್ಲಿ ಇದು ನನ್ನ ಎಂಟನೆಯ ಚಳಿಗಾಲ. ಅರ್ಧ ಭಾಗದಲ್ಲಿ ವಾಸ, ಅರ್ಧದಲ್ಲಿ ಹೊಲಿಗೆ. ಜೊತೆಗೆ ಕ್ನಾರಿಕ್ ಎಂಬ ಹೆಂಗಸು ಇದ್ದಾಳೆ. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಪತ್ರದ ಜೊತೆ ನೀನಿಟ್ಟಿದ್ದ ಪತ್ರಿಕೆಯನ್ನು ಇಬ್ಬರೂ ಒಲೆಯ ಮುಂದೆ ಕೂತು ನೋಡಿದೆವು. ಬೂದಿ ಬಣ್ಣದ ಕೋಟು, ಬೂದಿ ಬಣ್ಣದ ಲಂಗ, ಮುಖದಲ್ಲಿ ನಗುವಿಲ್ಲದ ಹುಡುಗಿಯರು. ಕ್ನಾರಿಕ್ ಹಾಳೆ ಮಗುಚುತ್ತಾ ಹೋಗಿ ಕೊನೆಗೆ ಕೇಳಿದಳು: "ಅಲ್ಲ ಅರ್ಪೆನಿಕ್, ಇವರ ಮನೇಲಿ ಯಾರು ಸತ್ತಿದ್ದಾರೆ?" ಆದರೆ ಹನ್ನೆರಡನೆಯ ಪುಟದ ಕೋಟಿನ ತೋಳು ನೋಡಿ ಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ತೋಳು ಹೆಗಲಿಗೆ ಸೇರುವಲ್ಲಿ ಒಂದು ನೆರಿಗೆಯೂ ಇಲ್ಲ. "ಇದನ್ನ ಕತ್ತರಿಸಿದೋಳಿಗೆ ದೇವರು ಕಣ್ಣು ಕೊಟ್ಟಿದ್ದಾನೆ" ಎಂದಳು. ಅದು ನಿನ್ನ ಕೆಲಸ ಎಂದು ನನಗೆ ಗೊತ್ತಾಯಿತು. ಅವಳಿಗೆ ಹೇಳಲಿಲ್ಲ, ಅವಳು ಹೊಗಳಿದ್ದನ್ನು ವಾಪಸು ತೆಗೆದುಕೊಳ್ಳುವ ಪೈಕಿ.

ನೀನು ಕೇಳಿದ್ದು ನನ್ನ ಅಜ್ಜಿ ಯೆಘ್ಸಾಪೆತ್‌ಳ ಕೆಂಪು ಮುಂಬಟ್ಟೆ. "ನೋಡಲು ಮಾತ್ರ, ಒಂದು ತಿಂಗಳಲ್ಲಿ ಹಿಂದಿರುಗಿಸುತ್ತೇನೆ" ಎಂದು ಬರೆದಿದ್ದೀಯ. ನಮ್ಮವರನ್ನು ಓಡಿಸಿದಾಗ ಅಜ್ಜಿ ಅದನ್ನು ಹುಟ್ಟೂರು ಮರಾಶ್‌ನಿಂದ ಅಲೆಪ್ಪೊಗೆ, ಅಲೆಪ್ಪೊದಿಂದ ಹಡಗಿನಲ್ಲಿ ಈ ಕಡೆಗೆ ಸೊಂಟಕ್ಕೆ ಕಟ್ಟಿಕೊಂಡೇ ತಂದವಳು. ಮುಂಬಟ್ಟೆ ಕಟ್ಟದೆ ಹೊಸ್ತಿಲು ದಾಟಿದವಳಲ್ಲ. ಅದನ್ನು ಕಳಿಸಲಾಗುವುದಿಲ್ಲ, ಜರೂಹಿ. ಕಾರಣ ಕೇಳಬೇಡ.

ಕ್ನಾರಿಕ್ ಮಾತ್ರ ಕಾರಣ ಕೊಟ್ಟಳು. ನನ್ನ ಮರದ ಪೆಟ್ಟಿಗೆಯ ಮೇಲೆ ಕೂತೇ ಅವಳು ಕೆಲಸ ಮಾಡುವುದು. ಅದಕ್ಕೆ ಅಂಗೈಯಿಂದ ಬಡಿದು, "ನೋಡೋಕೆ ಅಂದ್ರೆ ಪ್ಯಾರಿಸ್ ಭಾಷೇಲಿ ಕದಿಯೋಕೆ ಅಂತ. ನಾನು ಇದರ ಮೇಲೆ ಕೂತಿರೋವರೆಗೂ ಒಂದು ದಾರಾನೂ ಹೊರಗೆ ಹೋಗಲ್ಲ" ಎಂದಳು.

ಬೇಕಿದ್ದರೆ ಅದರ ಮೇಲಿನ ಮರಾಶ್ ಹೊಲಿಗೆಯ ಒಂದು ಸಣ್ಣ ತುಂಡನ್ನು ನಾನೇ ಮಾಡಿ ಕಳಿಸುತ್ತೇನೆ.

ಅರ್ಪೆನಿಕ್


ಪ್ಯಾರಿಸ್, 21 ಏಪ್ರಿಲ್ 1997

ಪ್ರಿಯ ಅರ್ಪೆನಿಕ್,

ಯಾರೂ ಸತ್ತಿಲ್ಲ ಎಂದು ಕ್ನಾರಿಕ್‌ಗೆ ಹೇಳು. ಈ ವರ್ಷದ ಬಣ್ಣ ಬೂದಿ, ಅಷ್ಟೇ. ಮುಂದಿನ ವರ್ಷದ್ದು ಇನ್ನೂ ತೆಳುವಾದ ಬೂದಿ.

ನಮ್ಮ ಬಟ್ಟೆಮಳಿಗೆಯಲ್ಲಿ ತೆಗೆಯುವುದೇ ಕೆಲಸ. ನಾನು ಸೇರಿದ ವರ್ಷ ಕಸೂತಿ ತೆಗೆದರು. ಆಮೇಲೆ ಗುಂಡಿ, ಆಮೇಲೆ ಕಾಲರ್, ಹೋದ ವರ್ಷ ಜೇಬು. ನಗಬೇಡ. ಏನೂ ಇಲ್ಲದ ಬಟ್ಟೆಯಲ್ಲಿ ತಪ್ಪು ಅಡಗಿಸಲು ಜಾಗವಿರುವುದಿಲ್ಲ. ಹೆಗಲಿನ ಹೊಲಿಗೆಯನ್ನು ಎರಡು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಇಡೀ ಕೋಟು ಹಗುರಾಗುತ್ತದೆ. ಆ ಎರಡು ಮಿಲಿಮೀಟರಿಗಾಗಿ ಮೂರು ವಾರ ಜಗಳವಾಡುವ ಜನ ಇವರು. ಅವರ ಬಗ್ಗೆ ನನಗೆ ಗೌರವವಿದೆ. ಹನ್ನೊಂದು ವರ್ಷ ಅದನ್ನೇ ಕಲಿತಿದ್ದೇನೆ.

ಆದರೂ ಈಚೆಗೆ ಒಂದು ಸಂಜೆ, ಕೆಲಸ ಮುಗಿದ ಮೇಲೆ, ಸಾಲಾಗಿ ನೇತುಹಾಕಿದ್ದ ಇಪ್ಪತ್ತು ಕೋಟುಗಳ ನಡುವೆ ನಿಂತಾಗ ಇವುಗಳಲ್ಲಿ ಯಾವುದು ಯಾವ ಊರಿನದು ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ ಅನ್ನಿಸಿತು. ಯೆಘ್ಸಾ ಅಜ್ಜಿಯ ಮುಂಬಟ್ಟೆ ನೋಡಿದರೆ ಅವಳು ಯಾವ ಊರಿನವಳು, ಮದುವೆಯಾಗಿದೆಯೇ, ಎಷ್ಟು ತಾಳ್ಮೆಯವಳು ಎಲ್ಲವೂ ಗೊತ್ತಾಗುತ್ತಿತ್ತು. ನಮ್ಮ ಪದವಿ ಪ್ರದರ್ಶನದ ದಿನ ನಾವಿಬ್ಬರೂ ವಸ್ತ್ರವಿನ್ಯಾಸ ಕಲಿತ ಸಂಸ್ಥೆಯ ಮೆಟ್ಟಿಲ ಮೇಲೆ ಅವಳು ನಿಂತಿರುವ ಫೋಟೊ ನನ್ನ ಬಳಿ ಇದೆ. ಅದನ್ನು ನಮ್ಮ ಯಜಮಾನಿ ಮದಾಮ್ ಲಫೋರ್‌ಗೆ ತೋರಿಸಿದೆ. ಅವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನ ಯಾವ ಯಂತ್ರ ಮಾಡುತ್ತೆ?"

"ಅಜ್ಜಿ" ಎಂದೆ.

"ಆ ಅಜ್ಜಿ ಎಲ್ಲಿ ಸಿಗ್ತಾಳೆ?"

ತೀರಿಕೊಂಡಳು ಎಂದೆ. ಆ ಹೊಲಿಗೆ ನನಗೂ ಗೊತ್ತು ಎಂದೂ ಹೇಳಿದೆ. ಬರುವ ಫೆಬ್ರವರಿಯ ಪ್ರದರ್ಶನದಲ್ಲಿ ಮೂರು ಕೋಟುಗಳನ್ನು ಪೂರ್ತಿ ನನಗೆ ಬಿಟ್ಟಿದ್ದಾರೆ. ಮೊದಲ ಸಲ. ಸ್ವಲ್ಪ ಮರೆತಿದ್ದೇನೆ, ಅಷ್ಟೇ. ನಿನ್ನ ತುಂಡು ಬಂದರೆ ಕೈಗೆ ನೆನಪಾಗುತ್ತದೆ.

ಮುಂಬಟ್ಟೆ ಕಳಿಸದಿದ್ದುದಕ್ಕೆ ಬೇಸರವಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಜರೂಹಿ


ಗ್ಯುಮ್ರಿ, 3 ಜೂನ್ 1997

ಜರೂಹಿ ಜಾನ್,

ಹಮಾಜಾಸ್ಪ್ ಮತ್ತೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಣಗಿಸಿದ ಏಪ್ರಿಕಾಟ್, ಒಂದು ಸಿಹಿ ಗಾತಾ ರೊಟ್ಟಿ, ಮತ್ತು ಬಟ್ಟೆಯಲ್ಲಿ ಸುತ್ತಿದ ಆ ತುಂಡು ಕೊಟ್ಟಿದ್ದೇನೆ. ಅಂಗೈಯಗಲ ಇದೆ. ಹೋಗುವ ದಾರಿಯನ್ನು, ಅಂದರೆ ಕೆಳಗಿನ ಎಲುಬುಗೂಡಿನಂಥ ನೂಲಿನ ಹಂದರವನ್ನು, ಪೂರ್ತಿ ಹಾಕಿದ್ದೇನೆ. ನೂಲು ಹಿಂತಿರುಗುವ ಮರಳುದಾರಿಯನ್ನು ಶುರುಮಾಡಿ ಸೂಜಿಯನ್ನು ಅಲ್ಲೇ ಬಿಟ್ಟಿದ್ದೇನೆ. ಮಿಕ್ಕಿದ್ದನ್ನು ನೀನೇ ಮುಗಿಸು. ಗೊತ್ತಿರುವ ಹೊಲಿಗೆಯಲ್ಲವೇ? ಹಂದರದ ಮೇಲೊಮ್ಮೆ ಕೆಳಗೊಮ್ಮೆ ಹಾಯ್ದು ನೂಲು ಹೊರಟಲ್ಲಿಗೇ ಬಂದು ಸೇರಬೇಕು.

ನಿನ್ನ ಮೂರು ಕೋಟುಗಳ ಸುದ್ದಿ ಓದಿ ಸಂತೋಷವಾಯಿತು. 1979ರ ಪದವಿ ಪ್ರದರ್ಶನದ ನಮ್ಮ ಕೋಟು ನೆನಪಾಯಿತು. ಕತ್ತರಿಸಿದವಳು ನೀನು, ಕಾಲರಿನ ಮರಾಶ್ ಹೊಲಿಗೆ ನನ್ನದು. ಬಹುಮಾನ ಬಂದಾಗ ವೇದಿಕೆಯ ಮೇಲಿನಿಂದ ಒಂದೇ ಹೆಸರು ಓದಿದರು. ಹಳೆಯ ಮಾತು, ಯಾಕೆ ಬರೆದೆನೋ.

ಕ್ನಾರಿಕ್ ನಿನ್ನ ಹೆಸರಿನಲ್ಲಿ ಶಕುನ ನೋಡಲು ಕಾಫಿ ಕುಡಿದು ಬಟ್ಟಲು ಮಗುಚಿಟ್ಟಳು. ಗಸಿಯಲ್ಲಿ ದೊಡ್ಡ ಕತ್ತರಿ ಕಂಡಿತಂತೆ. "ನೋಡ್ತಿರು, ಕಲ್ತುಬಿಟ್ರೆ ನಾಳೆ ಅವರ ಯಂತ್ರ ದಿನಕ್ಕೆ ಸಾವಿರ ಮಾಡುತ್ತೆ. ಆಮೇಲೆ ಮರಾಶ್ ಅನ್ನೋ ಹೆಸರು ಕೋಟಿಗೂ ಇರಲ್ಲ, ನಿನಗೂ ಇರಲ್ಲ" ಎಂದಳು. ಅವಳ ಮಾತು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಲ್ಲಿ ಬೇಸಿಗೆ ಬಂತು. ಮುಖ್ಯ ಬೀದಿಯಲ್ಲಿ ಸಂಜೆಯ ತಿರುಗಾಟ ಮತ್ತೆ ಶುರುವಾಗಿದೆ. ನೀನು ಇದನ್ನು ನೋಡಬೇಕಿತ್ತು. ನಲ್ಲಿಯಲ್ಲಿ ನೀರು ಬರುವುದು ದಿನಕ್ಕೆ ಒಂದು ಗಂಟೆ. ಆದರೂ ಕಬ್ಬಿಣದ ಪೆಟ್ಟಿಗೆಮನೆಯ ಬಾಗಿಲು ತೆರೆದು ಹೊರಬರುವ ಹೆಂಗಸರ ಕಾಲರು ಗಂಜಿ ಹಾಕಿ ನಿಲ್ಲಿಸಿದಂತಿರುತ್ತದೆ. ಒಡೆದ ಕಲ್ಲುಹಾಸಿನ ಮೇಲೆ ಎತ್ತರದ ಹಿಮ್ಮಡಿಯ ಬೂಟು. ಹೋದ ವಾರ ರಾಜಧಾನಿ ಯೆರೆವಾನಿನಿಂದ ಬಂದ ಅಧಿಕಾರಿಯೊಬ್ಬ ಕ್ನಾರಿಕ್‌ಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಕ್ಕ, ಯಾರದೋ ಮದುವೆಗೆ ಹೊರಟ ಹಾಗಿದೆ?" ಎಂದ. ಅವಳು ನಿಲ್ಲದೆಯೇ ಹೇಳಿದಳು: "ಬ್ರೆಡ್ ಸಾಲಿಗೆ ಹೊರಟಿದ್ದೀನಿ ಕಣಪ್ಪ. ಮದುವೆಗೆ ಹೊರಟಿದ್ರೆ ನೀನು ಬದುಕ್ತಿರಲಿಲ್ಲ."

ನಿಮ್ಮಲ್ಲಿ ಎಲ್ಲವೂ ಇದ್ದವರು ಏನೂ ಇಲ್ಲದವರಂತೆ ಉಡುತ್ತಾರೆ. ನಮ್ಮಲ್ಲಿ ತಿರುಗುಮುರುಗು. ಯಾವುದು ಹೆಚ್ಚು ಎಂದು ನಾನು ಹೇಳಲಾರೆ. ನಮ್ಮದಕ್ಕೆ ಇಸ್ತ್ರಿ ಜಾಸ್ತಿ ಬೇಕು.

ತುಂಡು ತಲುಪಿದ ಮೇಲೆ ಬರೆ.

ಅರ್ಪೆನಿಕ್


ಪ್ಯಾರಿಸ್, 11 ಆಗಸ್ಟ್ 1997

ಅರ್ಪೆನಿಕ್,

ಕೂಡುತ್ತಿಲ್ಲ.

ಎರಡು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಮರಳುದಾರಿಯಲ್ಲಿ ನೂಲು ಮೂರು ಮೂಲೆಗಳನ್ನು ಸರಿಯಾಗಿ ಸುತ್ತಿ ಬರುತ್ತದೆ. ನಾಲ್ಕನೆಯದರಲ್ಲಿ, ಮೇಲೆ ಹಾಯಬೇಕಾದಲ್ಲಿ ಕೆಳಗಿರುತ್ತದೆ. ಬಿಚ್ಚುತ್ತೇನೆ, ಮತ್ತೆ ಶುರುಮಾಡುತ್ತೇನೆ, ಮತ್ತೆ ಅಲ್ಲೇ ನಿಲ್ಲುತ್ತೇನೆ. ತುಂಡಿನ ಮೇಲೆ ಸೂಜಿಯ ತೂತುಗಳು ಕಾಣುವಷ್ಟಾಗಿದೆ. ನಾನು ಇಪ್ಪತ್ತು ಜನರಿಗೆ ಕತ್ತರಿಸುವುದನ್ನು ಕಲಿಸುವವಳು. ಅಂಗೈಯಗಲದ ಬಟ್ಟೆ ನನ್ನನ್ನು ಸೋಲಿಸಿದೆ.

ನಿಜ ಹೇಳುತ್ತೇನೆ. ಆ ಹೊಲಿಗೆ ನನಗೆ ಗೊತ್ತಿಲ್ಲ. 1978ರ ಬೇಸಿಗೆಯಲ್ಲಿ ಅಜ್ಜಿ ನಮ್ಮಿಬ್ಬರನ್ನು ಕೂರಿಸಿಕೊಂಡು ಹೋಗುವ ದಾರಿ ಕಲಿಸಿದಳು. ಮರಳುದಾರಿಗೆ ಇನ್ನೂ ಒಂಬತ್ತು ದಿನ ಕೂರಬೇಕು ಎಂದಾಗ ನಾನು ಸೆವಾನ್ ಸರೋವರಕ್ಕೆ ಈಜಲು ಹೋದೆ. ನೀನು ಕೂತೆ. ಹಿಂದಿರುಗಿ ಬಂದಾಗ ಅಜ್ಜಿ ನನಗೆ ಹೇಳಿದ್ದು ಒಂದೇ ಮಾತು: "ನೀನು ಹೋಗೋದು ಮಾತ್ರ ಕಲ್ತೆ, ಮಗಳೇ." ನಾನು ನಕ್ಕಿದ್ದೆ.

ಕೋಟುಗಳನ್ನು ಕತ್ತರಿಸಿ ಆಗಿದೆ. ಎದೆಭಾಗ ಖಾಲಿ ಬಿಟ್ಟಿದ್ದೇನೆ. ದಯವಿಟ್ಟು ಬರೆದು ಕಳಿಸು: ನಾಲ್ಕನೆಯ ಮೂಲೆಯಲ್ಲಿ ಏನು ಮಾಡಬೇಕು?

ಜರೂಹಿ


ಪ್ಯಾರಿಸ್, 5 ಅಕ್ಟೋಬರ್ 1997

ಅರ್ಪೆನಿಕ್,

ನಿನ್ನಿಂದ ಉತ್ತರ ಬಂದಿಲ್ಲ. ಬರುವುದಿಲ್ಲ ಎಂದು ಈಗ ಗೊತ್ತಾಗಿದೆ. ಯಾಕೆಂದೂ ಗೊತ್ತಾಗಿದೆ.

ಊರಾಚೆಯ ನಮ್ಮವರ ಕೇರಿಯಲ್ಲಿ ದಿಕ್ರಾನುಹಿ ಎಂಬ ಮುದುಕಿ ಇದ್ದಾಳೆ. ವಯಸ್ಸು ಎಂಬತ್ತೆಂಟು. ಹುಟ್ಟಿದ್ದು ಮರಾಶ್‌ನಲ್ಲಿ, ಬೆಳೆದದ್ದು ಅಲೆಪ್ಪೊದ ಅನಾಥಾಲಯದಲ್ಲಿ. ಹೋದ ಭಾನುವಾರ ನಿನ್ನ ತುಂಡನ್ನು ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಲಿಲ್ಲ. ಕಣ್ಣು ಮುಚ್ಚಿಕೊಂಡು ಉಗುರಿನಿಂದ ಹಂದರದ ಉದ್ದಕ್ಕೂ ಮುಟ್ಟುತ್ತಾ ಹೋದಳು. ನಾಲ್ಕನೆಯ ಮೂಲೆಗೆ ಬಂದಾಗ ಬೆರಳು ನಿಂತಿತು. ನಗಲು ಶುರುಮಾಡಿದಳು.

"ಇದನ್ನ ಹಾಕಿದೋಳಿಗೆ ನೀನು ಏನು ಮಾಡಿದ್ದೆ?"

"ಏನೂ ಇಲ್ಲ ಅಮ್ಮ. ಕೈತಪ್ಪಿರಬೇಕು."

"ಕೈತಪ್ಪಿದೆಯಾ? ಥೂ! ಈ ಕೈ ನೋಡು. ನೂಲಿನ ಮೇಲೆ ನೂಲು ನಲವತ್ತು ದಾಟು ಹಾಕಿದ್ದಾಳೆ, ಕೂದಲೆಳೆ ಆಚೆ ಈಚೆ ಇಲ್ಲ. ಇಂಥೋಳು ಒಂದು ಕಡೆ ಮಾತ್ರ ತಪ್ತಾಳಾ? ಇದು ತಪ್ಪಲ್ಲ ಕಣೇ ಹುಡುಗಿ, ಬೀಗ. ನೋಡ್ಕೊಂಡು ಹೋಗಿ ಮಾರ್ಕೊಳ್ಳೋರು ಬಂದ್ರೆ ನಾವು ಹುಡುಗೀರು ಹೀಗೇ ಮಾಡ್ತಿದ್ವಿ. ಹೋಗುವಾಗ ಒಂದು ದಾಟು ತಿರುಗಿಸಿಟ್ರೆ ಅವರು ಸಾಯೋವರೆಗೂ ಹೊಲಿದ್ರೂ ಮರಳಿ ಬರೋಕಾಗಲ್ಲ."

ನನಗೆ ಮೊದಲು ಮುಖ ಬಿಸಿಯಾಯಿತು. ಎರಡು ತಿಂಗಳ ಪ್ರತಿ ಸಂಜೆಯೂ ನೆನಪಾಯಿತು. ಆಮೇಲೆ ತುಂಡನ್ನು ಮತ್ತೆ ನೋಡಿದೆ. ಇಷ್ಟು ಚೆನ್ನಾದ ಸುಳ್ಳನ್ನು ನನ್ನ ಜೀವನದಲ್ಲಿ ಯಾರೂ ನನಗೆ ಹೊಲಿದುಕೊಟ್ಟಿಲ್ಲ. ಇಲ್ಲಿಯ ಯಾವ ಹೆಸರಾಂತ ಕೈಯೂ ಇದನ್ನು ಮಾಡಲಾರದು. ಮುದುಕಿಯ ಜೊತೆ ನಾನೂ ನಕ್ಕೆ, ಅಳು ಬರುವವರೆಗೆ.

ದಿಕ್ರಾನುಹಿ, "ಬಾ, ಬಿಚ್ಚಿ ಮರಳುದಾರಿ ತೋರಿಸ್ತೀನಿ, ಒಂಬತ್ತು ದಿನ ಬೇಡ, ನೀನು ಬುದ್ಧಿವಂತೆ" ಎಂದಳು. ಬೇಡ ಎಂದೆ. ಬೀಗ ಹಾಕಿದವಳೇ ತೆಗೆಯಬೇಕು.

ಈಗ 1979ರ ಮಾತು. ನಿರೂಪಕನಿಗೆ ಕೊಡಲು ನಾನು ಒಂದು ಚೀಟಿ ಬರೆದಿದ್ದೆ. ಅದರಲ್ಲಿ ಎರಡು ಹೆಸರಿದ್ದವು. ಕೊನೆಯ ಗಳಿಗೆಯಲ್ಲಿ ಕೊಡಲಿಲ್ಲ, ಜೇಬಿನಲ್ಲೇ ಉಳಿಯಿತು. ಮರೆತೆ ಎಂದು ಆಗ ನನಗೇ ಹೇಳಿಕೊಂಡೆ. ಮರೆತಿರಲಿಲ್ಲ. ನೀನು ಸಭೆಯ ಮೂರನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಮಾರ್ಚಿನಿಂದ ನಿನಗೆ ಹೇಳದೆ ಇಟ್ಟಿರುವುದು ಇದು: ಈ ಮೂರು ಕೋಟುಗಳ ಕೊರಳೊಳಗೆ ಹೊಲಿಯುವ ಪಟ್ಟಿಯ ಮೇಲೆ ನಿನ್ನ ಹೆಸರು ಇರಬೇಕೆಂದು ನಾನು ಮದಾಮ್‌ಗೆ ಮೊದಲ ದಿನವೇ ಹೇಳಿದೆ. ನಿನಗೆ ಬರೆಯಲಿಲ್ಲ, ಏಕೆಂದರೆ ಈ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಎಷ್ಟು ಎಂದು ನನಗೆ ಗೊತ್ತು. ಮುದ್ರಿಸಿ ಕೈಗೆ ಕೊಟ್ಟರೆ ಮಾತ್ರ ನಂಬುತ್ತೀಯ ಅಂದುಕೊಂಡೆ. ಮದಾಮ್ ಇನ್ನೂ ಒಪ್ಪಿಲ್ಲ. "ನಮ್ಮ ಮಳಿಗೆಗೆ ಒಂದೇ ಹೆಸರು" ಎನ್ನುತ್ತಾಳೆ. ಹಾಗಾದರೆ ಎದೆಭಾಗ ಖಾಲಿಯೇ ಇರಲಿ ಎಂದಿದ್ದೇನೆ. ಬಟ್ಟೆಮಳಿಗೆಯಲ್ಲಿ ಎಲ್ಲರೂ ಅದನ್ನೇ ಈ ವರ್ಷದ ಹೊಸ ಶೈಲಿ ಎಂದು ಹೊಗಳುತ್ತಿದ್ದಾರೆ.

ಉತ್ತರ ಬರೆಯಬೇಕೆಂದಿಲ್ಲ.

ಜರೂಹಿ


ಗ್ಯುಮ್ರಿ, 7 ಡಿಸೆಂಬರ್ 1997

ಜರೂಹಿ,

ಇವತ್ತು ಭೂಕಂಪದ ದಿನ. ಬೆಳಿಗ್ಗೆ ಎಲ್ಲರೂ ಸ್ಮಶಾನಕ್ಕೆ ಹೋಗಿ ಬಂದೆವು. ಅಂದು ಭೂಮಿ ನಡುಗಿದ ಹೊತ್ತಿಗೆ, ಹನ್ನೊಂದು ನಲವತ್ತೊಂದಕ್ಕೆ, ಊರು ಸುಮ್ಮನಾಯಿತು. ಈಗ ಮಧ್ಯಾಹ್ನ ಮೂರು ಗಂಟೆ. ಕ್ನಾರಿಕ್ ಎದುರಿಗಿದ್ದಾಳೆ, ಬರೆಯುತ್ತಿದ್ದೇನೆ.

ದಿಕ್ರಾನುಹಿ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವಳು ಹೇಳಿದ್ದು ಸರಿ. ಅದು ಬೀಗ. ಆದರೆ ಒಂದು ವಿಷಯ ಅವಳಿಗೂ ಗೊತ್ತಿಲ್ಲ. ಆ ಒಂದು ದಾಟನ್ನು ತಪ್ಪಾಗಿ ಹಾಕಲು ನನಗೆ ಅರ್ಧ ದಿನ ಹಿಡಿಯಿತು. ಕೈ ತಾನಾಗಿಯೇ ಸರಿಯಾದ ಕಡೆಗೆ ಹೋಗುತ್ತಿತ್ತು. ಎರಡು ಸಲ ಬಿಚ್ಚಿದೆ. ಮೂರನೆಯ ಸಲ ಎಡಗೈಯಿಂದ ಹಾಕಿದೆ. ಆಮೇಲೆ ಒಂದು ವಾರ ನನಗೆ ಬೇರೆ ಕೆಲಸ ಹಿಡಿಸಲಿಲ್ಲ. ಆಗಸ್ಟಿನ ನಿನ್ನ ಪತ್ರ ಬಂದಾಗ, "ಕೂಡುತ್ತಿಲ್ಲ" ಎಂಬ ಒಂದು ಪದ ಓದಿ ನಾನು ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಏನು ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ.

ಚೀಟಿಯ ಮಾತು ಓದಿದೆ. ಹದಿನೆಂಟು ವರ್ಷ ನಾನು ಆ ಚಪ್ಪಾಳೆಯ ಬಗ್ಗೆಯೇ ಯೋಚಿಸಿದ್ದೇನೆ. ಈಗ ಸಾಕು.

ನಾನು ಬಚ್ಚಿಟ್ಟದ್ದು ಇನ್ನೂ ಒಂದಿದೆ. ಮುಂಬಟ್ಟೆ ನನ್ನ ಬಳಿ ಇಲ್ಲ. ಒಂಬತ್ತು ವರ್ಷದ ಹಿಂದೆ ಇದೇ ದಿನ ಮನೆಯ ಜೊತೆ ಅದೂ ಹೋಯಿತು. ನಾಲ್ಕು ಮಹಡಿಯ ಕೆಳಗೆ ಏನು ಹುಡುಕುವುದು? ಕ್ನಾರಿಕ್ ಇಷ್ಟು ವರ್ಷ ಕಾವಲು ಕೂತಿದ್ದ ಪೆಟ್ಟಿಗೆಯಲ್ಲಿ ಇರುವುದು ಒಂದು ಹಳೆಯ ರಜಾಯಿ ಮತ್ತು ಮಸೂರ ಬೇಳೆಯ ಚೀಲ. ಇವತ್ತು ಸ್ಮಶಾನದಿಂದ ಬಂದ ಮೇಲೆ ಅವಳನ್ನು ಎಬ್ಬಿಸಿ ಮುಚ್ಚಳ ತೆಗೆದು ತೋರಿಸಿದೆ. ಅವಳು ರಜಾಯಿ ಎತ್ತಿದಳು, ಚೀಲ ಎತ್ತಿದಳು, ತಳ ತಡವಿದಳು.

"ಅಂದ್ರೆ ನಾನು ಇಷ್ಟು ವರ್ಷ ಬೇಳೆ ಮೇಲೆ ಕೂತು ಪ್ಯಾರಿಸ್‌ನ ಹೆದರಿಸ್ತಿದ್ನಾ?"

"ಹೌದು."

"ಹಾಗಾದ್ರೆ ಅದು ಎಲ್ಲೂ ಇಲ್ವಾ?"

ನನ್ನ ಕೈ ತೋರಿಸಿದೆ. ಅವಳು ಅದನ್ನು ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ಇದನ್ನ ಪೆಟ್ಟಿಗೇಲಿ ಇಡೋಕಾಗಲ್ಲ" ಎಂದಳು. ಇಷ್ಟು ವರ್ಷದಲ್ಲಿ ಅವಳು ಬೈಯದೆ ಆಡಿದ ಎರಡನೆಯ ಮಾತು ಅದು. ಮೊದಲನೆಯದು ನಿನ್ನ ಕೋಟಿನ ತೋಳಿನ ಬಗ್ಗೆ. ಆ ತೋಳು ನಿನ್ನದು ಎಂದು ಆಗ ಹೇಳಿದೆ. "ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ? ಆ ತೋಳಿಗೆ ನಿನ್ನ ಹೊಲಿಗೆ ಸೇರಿದ್ರೆ ಯೆರೆವಾನಿನೋರೆಲ್ಲ ಹೊಟ್ಟೆಕಿಚ್ಚಿಂದ ಸಾಯ್ತಾರೆ" ಎಂದಳು.

ನಾನು ಮರೆತಿರುವುದೂ ಇದೆ. ಮುಂಬಟ್ಟೆಯ ನಡುವಿನ ನಕ್ಷತ್ರಗಳೆಲ್ಲ ನನ್ನ ಬೆರಳಿನಲ್ಲಿವೆ. ಕೆಂಪಿನ ಮೇಲೆ ಯಾವ ಹಳದಿ, ಯಾವ ಹಸಿರು ಎಂಬುದೂ ಗೊತ್ತು. ಕೆಳ ಅಂಚು ಮಾತ್ರ ಅಳಿಸಿಹೋಗಿದೆ. ಅಲ್ಲಿ ಎಷ್ಟು ಸಾಲು, ಯಾವ ಕಡೆಗೆ ತಿರುವು, ಒಂಬತ್ತು ವರ್ಷದಿಂದ ಹಾಕಿ ಬಿಚ್ಚುತ್ತಿದ್ದೇನೆ. ಅದು ನಿನ್ನ ಫೋಟೊದಲ್ಲಿದೆ. ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಾಳೆ ಎಂದು ನೀನು ಬರೆದಾಗ ನಾನು ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ನಿನಗೆ ಗೊತ್ತಿಲ್ಲ. ನಿನ್ನಲ್ಲಿ ಕಪ್ಪು ಬಿಳುಪು, ನನ್ನಲ್ಲಿ ಬಣ್ಣ.

ಮರಳುದಾರಿಯನ್ನು ಬರೆದು ಕಳಿಸಲು ಬರುವುದಿಲ್ಲ. ಹಿಂದೆ ಕೂತು, ಕೈಯ ಮೇಲೆ ಕೈಯಿಟ್ಟು ತೋರಿಸಬೇಕು. ಒಂಬತ್ತು ದಿನ. ಈ ಸಲ ಈಜಲು ಹೋಗುವಂತಿಲ್ಲ.

ಆದ್ದರಿಂದ ನಾನೇ ಬರುವುದೆಂದು ತೀರ್ಮಾನಿಸಿದ್ದೇನೆ. ಜನವರಿಯ ಕೊನೆಯೊಳಗೆ. ನಿನ್ನ ಖಾಲಿ ಎದೆಭಾಗಗಳನ್ನು ಬೇರೆ ಯಾರ ಕೈಗೂ ಕೊಡಬೇಡ. ಪಟ್ಟಿಯ ಮೇಲೆ ಮೂರು ಹೆಸರು ಇರಬೇಕು: ಮರಾಶ್‌ನ ಯೆಘ್ಸಾಪೆತ್, ಆಮೇಲೆ ನಾನು, ಆಮೇಲೆ ನೀನು. ಮದಾಮ್ ಒಪ್ಪದಿದ್ದರೆ ಕೋಟುಗಳನ್ನು ಅವಳ ಮಳಿಗೆಯಿಂದ ಬಿಡಿಸಿಕೊಳ್ಳುವ ದಾರಿ ನೋಡು. ನಮ್ಮ ಮುಖ್ಯ ಬೀದಿಯಲ್ಲಿ ಸಂಜೆ ಅವನ್ನು ತೊಟ್ಟು ನಡೆಯಲು ಹೆಂಗಸರಿಗೆ ಕೊರತೆಯಿಲ್ಲ. ಒಂದನ್ನು ಕ್ನಾರಿಕ್ ಈಗಲೇ ಹಿಡಿದಿಟ್ಟಿದ್ದಾಳೆ, ಬ್ರೆಡ್ ಸಾಲಿಗೆ.

ಆ ಅಂಗೈಯಗಲದ ತುಂಡನ್ನು ಹಾಗೆಯೇ ಇಡು. ಸೂಜಿ ಎಲ್ಲಿದೆಯೋ ಅಲ್ಲೇ ಇರಲಿ. ನಾಲ್ಕನೆಯ ಮೂಲೆಯನ್ನು ನಾನೇ ಬಿಚ್ಚಬೇಕು.

ಹಮಾಜಾಸ್ಪ್ ತಂದುಕೊಟ್ಟ ವೀಸಾ ಅರ್ಜಿ ಮೇಜಿನ ಮೇಲಿದೆ. ತೇವಕ್ಕೆ ಸುರುಟಿಕೊಳ್ಳದಿರಲೆಂದು ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟಿದ್ದೇನೆ. ಇನ್ನೂ ಒಂದಕ್ಷರ ತುಂಬಿಲ್ಲ.

ಅರ್ಪೆನಿಕ್